ಹಿಲ್ಡೆ ಮಾಡಿದ ಕಸಿ

(ಓದುಗರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ವಿಜ್ಞಾನಿಯ ಜೀವನ ಚರಿತ್ರೆ ಎಂದ ಕೂಡಲೇ ಪದವಿ, ಪದಕ, ಸನ್ಮಾನಗಳ ಉದ್ದನೆಯ ಪಟ್ಟಿಯೊಂದನ್ನು ಕೇಳಲು ನಾವು ಸಿದ್ಧರಾಗಿ ಕೂರುತ್ತೇವೆ. ನಾನಿವತ್ತು ಹೇಳಹೊರಟಿರುವ ಹೆಣ್ಣುಮಗಳಿಗೆ ಅಂಥ ಪಟ್ಟಿಯೇ ಇಲ್ಲ. ಆಕೆ ಬದುಕಿದ್ದು ಇಪ್ಪತ್ತಾರು ತುಂಬದಷ್ಟು ಕಾಲ. ಜಗತ್ತು ಆಕೆಯನ್ನು ನೆನೆಯುವುದು ಒಂದೇ ಒಂದು ಪ್ರಬಂಧದಿಂದ. ಆದರೂ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದನ್ನು ಕಲಿಸುವ ಪಠ್ಯಪುಸ್ತಕಗಳು ಆಕೆಯ ಪ್ರಯೋಗದ ಚಿತ್ರವನ್ನು ಇಂದಿಗೂ ಬಿಟ್ಟಿಲ್ಲ. ಹೆಸರು ಹಿಲ್ಡೆ ಮಾಂಗೋಲ್ಡ್. ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಗೋಥಾ ಎಂಬ ಊರಿನಲ್ಲಿ. ತವರಿನ ಹೆಸರು ಹಿಲ್ಡೆ ಪ್ರೋಶೋಲ್ಟ್.

ಪ್ರಯೋಗ ಅರ್ಥವಾಗಬೇಕಾದರೆ ಮೊದಲು ಅದರ ಹಿಂದಿನ ಪ್ರಶ್ನೆಯನ್ನು ತಿಳಿಯಬೇಕು. ಪ್ರಾಣಿಯೊಂದು ಒಂದೇ ಜೀವಕೋಶವಾಗಿ ಶುರುವಾಗುತ್ತದೆ. ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಒಂದು ಪುಟ್ಟ ಗೋಳವಾಗುತ್ತದೆ. ಆಗ ಎಲ್ಲ ಕೋಶಗಳೂ ನೋಡಲು ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ನೀನು ಮಿದುಳಾಗು, ನೀನು ಚರ್ಮವಾಗು, ನೀನು ಬೆನ್ನೆಲುಬಾಗು ಎಂದು ಅವುಗಳಿಗೆ ಹೇಳುವವರು ಯಾರು?

ಫ್ರೈಬುರ್ಗ್ ವಿಶ್ವವಿದ್ಯಾಲಯದ ಹಾನ್ಸ್ ಸ್ಪೇಮನ್ ಈ ಪ್ರಶ್ನೆಗೆ ಜೀವ ತೇಯ್ದ ಪ್ರಾಧ್ಯಾಪಕ. ಅವರು ಆರಿಸಿಕೊಂಡದ್ದು ನ್ಯೂಟ್ ಎಂಬ ಪ್ರಾಣಿಯನ್ನು. ಯೂರೋಪಿನ ಕೆರೆಕುಂಟೆಗಳಲ್ಲಿ ಸಿಗುವ ಇದು ಕಪ್ಪೆಯ ದೂರದ ನೆಂಟ, ನೋಟಕ್ಕೆ ಹಲ್ಲಿ. ಇದರ ಎಳೆಯ ಭ್ರೂಣದಲ್ಲಿ ಚರ್ಮವಾಗಬೇಕಿದ್ದ ತುಣುಕನ್ನು ಕತ್ತರಿಸಿ ಮಿದುಳಾಗುವ ಜಾಗದಲ್ಲಿ ಇಟ್ಟರೆ ಅದು ತಕರಾರಿಲ್ಲದೆ ಮಿದುಳೇ ಆಗುತ್ತಿತ್ತು. ಹೋದ ಊರಿನ ನಡಾವಳಿಗೆ ಹೊಂದಿಕೊಂಡುಬಿಡುತ್ತಿತ್ತು ಎನ್ನೋಣ. ಹಾಗೆ ಹೊಂದಿಕೊಳ್ಳದ್ದು ಒಂದೇ ಜಾಗ. ಗೋಳದ ಒಂದು ಮಗ್ಗುಲಲ್ಲಿ ಬಾಯಿಯಂಥ ಸಣ್ಣ ಸೀಳೊಂದು ಮೂಡುತ್ತದೆ. ಅದರ ಮೇಲ್ತುಟಿಯನ್ನು ಬೇರೆಡೆ ಇಟ್ಟರೆ ಅಲ್ಲಿ ಇನ್ನೊಂದು ಭ್ರೂಣದ ಬೆನ್ನು ಏಳುತ್ತಿತ್ತು. ಈ ಎರಡನೆಯ ಬೆನ್ನನ್ನು ಕಟ್ಟಿದವರು ಯಾರು, ಹೊರಗಿನಿಂದ ಬಂದ ತುಣುಕೋ ಅಲ್ಲಿಯೇ ಇದ್ದ ಕೋಶಗಳೋ? ಎರಡೂ ಒಂದೇ ಬಣ್ಣದವಾದ್ದರಿಂದ ಹೇಳುವಂತಿರಲಿಲ್ಲ.

ಯೇನಾದಲ್ಲಿ, ಆಮೇಲೆ ಫ್ರಾಂಕ್‌ಫರ್ಟ್‌ನಲ್ಲಿ ಓದಿದ ಹಿಲ್ಡೆ ಅಲ್ಲಿ ಸ್ಪೇಮನ್ನರ ಉಪನ್ಯಾಸ ಕೇಳಿ ಮನಸೋತು 1920ರಲ್ಲಿ ಫ್ರೈಬುರ್ಗ್‌ಗೆ ಬಂದಳು. ಗುರುಗಳು ಮೊದಲು ಕೊಟ್ಟ ವಿಷಯ ಕೈಗೂಡುವಂಥದ್ದಾಗಿರಲಿಲ್ಲ. ಹೈಡ್ರಾ ಎಂಬ ನೀರಿನ ಜೀವಿಯನ್ನು ಅಂಗಿಯ ತೋಳು ಮಗುಚಿದಂತೆ ಒಳಗನ್ನು ಹೊರಗೆ ಮಾಡಿದರೂ ಅದು ಬದುಕುತ್ತದೆ ಎಂದು ಹದಿನೆಂಟನೆಯ ಶತಮಾನದಲ್ಲಿ ಟ್ರೆಂಬ್ಲಿ ಬರೆದಿದ್ದ. ಅದನ್ನು ಮತ್ತೆ ಮಾಡಿ ತೋರಿಸು ಎಂದರು. ಹಿಲ್ಡೆ ಒದ್ದಾಡಿದಳು, ಆಗಲಿಲ್ಲ. ಸಹಪಾಠಿಗಳಿಗೆ ಒಳ್ಳೆಯ ವಿಷಯ ಸಿಕ್ಕಿ ತನಗೆ ಮಾತ್ರ ಹೀಗಾಯಿತಲ್ಲ ಎಂಬ ಬೇಸರವೂ ಆಕೆಗಿತ್ತು. ಕೊನೆಗೆ 1921ರ ವಸಂತದಲ್ಲಿ ಸ್ಪೇಮನ್ ಆ ಮೇಲ್ತುಟಿಯ ಪ್ರಶ್ನೆಯನ್ನು ಆಕೆಯ ಕೈಗಿತ್ತರು.

ಈ ಸಲ ಉಪಾಯವೊಂದಿತ್ತು. ನ್ಯೂಟ್‌ಗಳ ಒಂದು ಜಾತಿಯ ಭ್ರೂಣ ಬಿಳಿಚು, ಇನ್ನೊಂದರದ್ದು ಕಂದು. ಬಿಳಿಯದರ ಮೇಲ್ತುಟಿಯನ್ನು ಕಂದು ಭ್ರೂಣದ ಪಕ್ಕೆಗೆ ಕಸಿ ಮಾಡಿದರೆ ಯಾವ ಕೋಶ ಯಾರದ್ದು ಎಂಬುದನ್ನು ಬಣ್ಣವೇ ಹೇಳುತ್ತದೆ.

ಹೇಳುವಷ್ಟು ಸುಲಭವಲ್ಲ. ಭ್ರೂಣದ ಗಾತ್ರ ಸಾಸಿವೆ ಕಾಳಿನಷ್ಟು. ಕತ್ತರಿಸುವುದಕ್ಕೆ ಕಾಯಿಸಿ ಎಳೆದ ಗಾಜಿನ ಸೂಜಿ, ಹಿಡಿದು ಹೊರಳಿಸುವುದಕ್ಕೆ ಎಳೆಗೂಸಿನ ಕೂದಲಿನಿಂದ ಮಾಡಿದ ಕುಣಿಕೆ. ಇವೆರಡೂ ಸ್ಪೇಮನ್ನರ ಕೊಡುಗೆ. ಆ್ಯಂಟಿಬಯೋಟಿಕ್ ಔಷಧಿಗಳಿಲ್ಲದ ಕಾಲ ಅದು. ಕಸಿ ಕೂಡಿತು ಎಂದುಕೊಳ್ಳುವಷ್ಟರಲ್ಲಿ ಸೋಂಕು ತಗಲಿ ಭ್ರೂಣ ಸಾಯುತ್ತಿತ್ತು. ನ್ಯೂಟ್ ಮೊಟ್ಟೆಯಿಡುವ ಕಾಲ ಮುಗಿದರೆ ಮುಂದಿನ ವಸಂತದವರೆಗೆ ಕೈಕಟ್ಟಿ ಕೂರಬೇಕು. ಎರಡು ವಸಂತಗಳಲ್ಲಿ ಆಕೆ ಮಾಡಿದ ಕಸಿಗಳು ನೂರಾರು. ಪ್ರಬಂಧದಲ್ಲಿ ವಿವರಿಸಲು ಸಿಕ್ಕ ಭ್ರೂಣಗಳು ಆರು.

ಆ ಆರು ಸಾಕಾಯಿತು. ಕಂದು ಭ್ರೂಣದ ಪಕ್ಕೆಯಲ್ಲಿ ಎರಡನೆಯ ಭ್ರೂಣ ಅಂಟಿಕೊಂಡು ಎದ್ದಿತ್ತು. ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡಿದರೆ ಅದರಲ್ಲಿ ಬಿಳಿ ಕೋಶಗಳು ಕೆಲವೇ. ಮಿದುಳು ಮತ್ತು ಬೆನ್ನುಹುರಿಯಾಗುವ ನರಕೊಳವೆಯ ಬಹುಪಾಲು ಕಂದು ಕೋಶಗಳದ್ದೇ. ಅಂದರೆ ಹೊಟ್ಟೆಯ ಚರ್ಮವಾಗಿ ಬಾಳಬೇಕಿದ್ದ ಕೋಶಗಳು ಹೊಸಬನ ಮಾತು ಕೇಳಿ ಮಿದುಳಾಗಿದ್ದವು! ಬಂದ ತುಣುಕು ತಾನೊಬ್ಬನೇ ಗೋಡೆ ಕಟ್ಟಲಿಲ್ಲ, ಮೇಸ್ತ್ರಿಯಂತೆ ನಿಂತು ಅಕ್ಕಪಕ್ಕದವರಿಂದ ಕಟ್ಟಿಸಿತು. ಸ್ಪೇಮನ್ ಅದಕ್ಕೆ ‘ಆರ್ಗನೈಜರ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಸಂಘಟಕ ಎನ್ನಬಹುದು. ನನಗೇನೋ ಮೇಸ್ತ್ರಿಯೇ ವಾಸಿ.

ಇನ್ನು ಹೆಸರಿನ ವಿಷಯ. 1924ರಲ್ಲಿ ಅಚ್ಚಾದ ಪ್ರಬಂಧಕ್ಕೆ ಇಬ್ಬರು ಲೇಖಕರು: ಮೊದಲು ಸ್ಪೇಮನ್, ಆಮೇಲೆ ಹಿಲ್ಡೆ ಮಾಂಗೋಲ್ಡ್. ಅದು ಆಕೆಯ ಡಾಕ್ಟರೇಟ್ ಕೆಲಸ. ಜೊತೆಗೆ ಓದುತ್ತಿದ್ದ ವಿಕ್ಟರ್ ಹ್ಯಾಂಬರ್ಗರ್, ತನ್ನ ಹೆಸರಿನ ಮುಂದೆ ಗುರುಗಳ ಹೆಸರು ಬಂದದ್ದು ಹಿಲ್ಡೆಗೆ ಹಿಡಿಸಿರಲಿಲ್ಲ ಎಂದು ನೆನೆದಿದ್ದಾರೆ. ಪತ್ರಿಕಾ ಕಚೇರಿಯಲ್ಲಿ ದುಡಿಯುವ ನಮಗೆ ಬೈಲೈನ್ ಎಂದರೇನು ಎಂಬುದು ಗೊತ್ತು. ಆದರೆ ಇದನ್ನು ಗುರು ಕದ್ದ, ಶಿಷ್ಯೆ ಕಳೆದುಕೊಂಡಳು ಎಂಬ ಸರಳ ಕಥೆ ಮಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರಶ್ನೆ ಸ್ಪೇಮನ್ನರದ್ದು, ಇಪ್ಪತ್ತು ವರ್ಷ ಅದಕ್ಕೆ ಹದ ಮಾಡಿದ್ದೂ ಅವರೇ. ಕೈ ಮಾತ್ರ ಹಿಲ್ಡೆಯದು, ಆ ಕೈಯಿಲ್ಲದೆ ಉತ್ತರವಿಲ್ಲ. ಇಬ್ಬರ ಹೆಸರೂ ಇರಬೇಕಾದದ್ದೇ. ಯಾರದ್ದು ಮೊದಲು ಎಂದು ಕೇಳಿದರೆ ನನ್ನ ಮತ ಆಕೆಗೆ.

ವಾದ ಮಾಡಲು ಆಕೆ ಉಳಿಯಲಿಲ್ಲ. 1921ರಲ್ಲಿ ಅದೇ ಪ್ರಯೋಗಶಾಲೆಯ ಓಟೊ ಮಾಂಗೋಲ್ಡ್‌ನನ್ನು ಮದುವೆಯಾಗಿದ್ದಳು, 1923ರ ಕೊನೆಯಲ್ಲಿ ಗಂಡುಮಗು ಹುಟ್ಟಿತ್ತು. ಗಂಡನಿಗೆ ಬರ್ಲಿನ್ನಿನಲ್ಲಿ ಕೆಲಸವಾಗಿ ಸಂಸಾರ ಅಲ್ಲಿಗೆ ಹೋಯಿತು. 1924ರ ಸೆಪ್ಟೆಂಬರಿನಲ್ಲಿ ಮಗುವಿಗೆ ಆಹಾರ ಬಿಸಿ ಮಾಡುತ್ತಿದ್ದಾಗ ಸ್ಪಿರಿಟ್ ಸ್ಟವ್ ಸಿಡಿದು ಆದ ಸುಟ್ಟಗಾಯಗಳಿಂದ ತೀರಿಕೊಂಡಳು. ನಮ್ಮ ಪತ್ರಿಕೆಗಳ ಹಳೆಯ ಕಡತಗಳನ್ನು ತಿರುವಿದರೆ ಸ್ಟವ್ ಸಿಡಿದ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿದಿರುತ್ತದೆ. ಆ ಸಾಲುಗಳಲ್ಲಿ ಯಾರ್‍ಯಾರಿದ್ದರೋ.

1935ರಲ್ಲಿ ಸಂಘಟಕದ ಶೋಧಕ್ಕೆ ಸ್ಪೇಮನ್ನರಿಗೆ ನೊಬೆಲ್ ಬಂತು. ಹಿಲ್ಡೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಹಿಲ್ಡೆಯ ಅಸಮಾಧಾನವನ್ನು ನಮಗೆ ತಿಳಿಸಿದ ಹ್ಯಾಂಬರ್ಗರ್ ಯೆಹೂದಿ; 1933ರಲ್ಲಿ ನಾಜಿಗಳಿಂದಾಗಿ ಕೆಲಸ ಕಳೆದುಕೊಂಡು ಅಮೆರಿಕದಲ್ಲೇ ನೆಲೆಸಿದರು. ಅವರು ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡ ರೀಟಾ ಲೆವಿ ಮೊಂತಾಲ್ಚಿನಿ 1986ರಲ್ಲಿ ನೊಬೆಲ್ ಪಡೆದರು, ಹ್ಯಾಂಬರ್ಗರ್ ಪಟ್ಟಿಯಲ್ಲಿರಲಿಲ್ಲ. ಎರಡು ವರ್ಷದ ನಂತರ ಅವರು ಬರೆದ ಪುಸ್ತಕ ಸ್ಪೇಮನ್ ಮತ್ತು ಸಂಘಟಕದ ಕುರಿತದ್ದು.

ಮೇಸ್ತ್ರಿ ಕೊಡುವ ಆಜ್ಞೆಯಾದರೂ ಏನು? 1930ರ ದಶಕದಲ್ಲಿ ಸತ್ತ ಮೇಲ್ತುಟಿಯೂ ಕೆಲಸ ಮಾಡುತ್ತದೆ ಎಂಬುದು ಕಂಡು, ಏನೋ ರಾಸಾಯನಿಕವಿದೆ ಎಂದು ಎಲ್ಲರೂ ಹುಡುಕಿ ಸೋತರು. ಅರವತ್ತು ವರ್ಷ ಕಾಯಬೇಕಾಯಿತು. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬ ಪ್ರೋಟೀನುಗಳು ಆಫ್ರಿಕದ ಕಪ್ಪೆಯೊಂದರ ಭ್ರೂಣದಲ್ಲಿ ಸಿಕ್ಕವು. ಇವು ಮಿದುಳಾಗು ಎಂದು ಹೇಳುವುದೇ ಇಲ್ಲ! ಚರ್ಮವಾಗು ಎಂದು ಬರುತ್ತಿರುವ ಇನ್ನೊಂದು ಸಂದೇಶವನ್ನು ದಾರಿಯಲ್ಲೇ ತಡೆಯುತ್ತವೆ. ಆ ಒತ್ತಾಯ ತಪ್ಪಿದ ಕೋಶ ತಾನಾಗಿ ನರಕೋಶವಾಗುತ್ತದೆ.

ಮನುಷ್ಯ ಭ್ರೂಣದಲ್ಲೂ ಇಂಥ ಸಂಘಟಕವಿದೆಯೇ ಎಂಬುದು ಬಹುಕಾಲ ಪ್ರಶ್ನೆಯಾಗಿಯೇ ಉಳಿದಿತ್ತು. 2018ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾನವ ಕಾಂಡಕೋಶಗಳಿಂದ ಅಂಥ ತುಣುಕನ್ನು ಬೆಳೆಸಿ ಕೋಳಿಯ ಭ್ರೂಣದಲ್ಲಿ ಇಟ್ಟು ನೋಡಿದರು. ಕೋಳಿ ಭ್ರೂಣದ ಮಗ್ಗುಲಲ್ಲಿ ಎರಡನೆಯ ಬೆನ್ನು ಎದ್ದಿತು. ಅದರ ನರಭಾಗದ ಕೋಶಗಳು ಕೋಳಿಯವು.