ಬೆಕ್ಕು ಮೈ ನೆಕ್ಕುವುದು ಅತಿಯಾದರೆ



ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ಅದೇ ಅದರ ಬಾಚಣಿಗೆ. ಎಚ್ಚರವಿದ್ದಾಗಲೆಲ್ಲ ಮೈ ನೆಕ್ಕಿಕೊಳ್ಳುವುದು ಅದರ ಸ್ವಭಾವ; ಆದ್ದರಿಂದ ನಾವು ಯಾರೂ ಗಮನಿಸುವುದಿಲ್ಲ. ಒಂದು ದಿನ ಅದು ಮಗ್ಗುಲಾಗಿ ಮಲಗಿದಾಗ ನೋಡಿದರೆ ಹೊಟ್ಟೆ, ಒಳತೊಡೆಗಳಲ್ಲಿ ಬೋಳು ಚರ್ಮ! ಬೋಳಿನ ಅಂಚಿನಲ್ಲಿ ಕೈಯಾಡಿಸಿ. ಕೂದಲು ತುಂಡಾಗಿ ಮೊಂಡಾಗಿದ್ದರೆ ಅದು ತಾನಾಗಿ ಉದುರಿದ್ದಲ್ಲ, ಬೆಕ್ಕೇ ನೆಕ್ಕಿ ತುಂಡರಿಸಿದ್ದು. ಎಷ್ಟೋ ಬೆಕ್ಕುಗಳು ಇದನ್ನು ಮಂಚದ ಕೆಳಗೆ, ಎಲ್ಲರೂ ಮಲಗಿದ ಮೇಲೆ ಮಾಡುತ್ತವೆ. "ನಮ್ಮದು ಅಷ್ಟೇನೂ ನೆಕ್ಕಲ್ಲ" ಎಂಬ ಮನೆಯವರ ಮಾತನ್ನು ಪೂರ್ತಿ ನಂಬುವಂತಿಲ್ಲ.

"ಪಾಪ, ಒಂಟಿ, ಬೇಸರ ಅದಕ್ಕೆ" ಎನ್ನುವವರೇ ಹೆಚ್ಚು. ಇಂಥದೇ ಅನುಮಾನವಿದ್ದ 21 ಬೆಕ್ಕುಗಳನ್ನು ಕೂಲಂಕಷವಾಗಿ ಪರೀಕ್ಷಿಸಿದ ವರದಿಯೊಂದು 2006ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಬರೀ ಮನಸ್ಸಿನ ಕಾರಣ ಕಂಡದ್ದು ಎಷ್ಟರಲ್ಲಿ ಗೊತ್ತೇ? ಎರಡರಲ್ಲಿ. 16 ಬೆಕ್ಕುಗಳಿಗೆ ಇದ್ದದ್ದು ದೇಹದ ಕಾಯಿಲೆ. ಉಳಿದ ಮೂರಕ್ಕೆ ಎರಡೂ.

ಮೊದಲ ಆರೋಪಿ ಚಿಗಟ. ನಮ್ಮ ಚೆನ್ನೈನ ಬೆವರಿಳಿಸುವ ಹವೆ ಅದಕ್ಕೆ ವರ್ಷವಿಡೀ ಹಬ್ಬ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ನಾಲ್ಕಾರು ಕಡಿತವೇ ಸಾಕು. ಮೈಮೇಲೆ ಚಿಗಟ ಕಾಣಲಿಲ್ಲವೆಂದು ಸುಮ್ಮನಾಗಬೇಡಿ, ಬೆಕ್ಕು ಅದನ್ನು ನೆಕ್ಕಿ ನುಂಗಿರುತ್ತದೆ. ಬಾಲದ ಬುಡದಲ್ಲಿ ಹೇನಿನ ಬಾಚಣಿಗೆ ಆಡಿಸಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಸುತ್ತ ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನದೇ ರಕ್ತ. ಮೊಟ್ಟೆಗಳು ಚಾಪೆ, ಸೋಫಾ, ಹಾಸಿಗೆಗಳಲ್ಲಿ ಉದುರಿರುತ್ತವೆ. ಅವನ್ನು ಬಿಸಿನೀರಿನಲ್ಲಿ ಒಗೆದು, ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ ಔಷಧ ಹಾಕಿಸಿ, ಮೂರು ತಿಂಗಳಾದರೂ ಬಿಡದೆ ಮುಂದುವರಿಸಬೇಕು.

ಇಲ್ಲೊಂದು ಮಾತನ್ನು ದಯವಿಟ್ಟು ನೆನಪಿಡಿ. ನಾಯಿಗೆ ತಂದ ಚಿಗಟದ ಔಷಧ ಮಿಕ್ಕಿದೆಯೆಂದು ಬೆಕ್ಕಿಗೆ ಹಾಕಬೇಡಿ. ನಾಯಿಗಳ ಹಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಅರಗಿಸುವ ಶಕ್ತಿಯಿಲ್ಲ. ನಡುಕ, ಸೆಳವು ಬಂದು ಪ್ರಾಣವೇ ಹೋಗಬಹುದು. ಈಗಾಗಲೇ ಹಾಕಿದ್ದರೆ ನಡುಕ ಬರಲೆಂದು ಕಾಯದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ನಮ್ಮ ಅಜ್ಜಿಯರ ಕರ್ಪೂರದ ಕೊಬ್ಬರಿ ಎಣ್ಣೆ ನಮ್ಮ ತುರಿಕೆಗೆ ಒಳ್ಳೆಯದೇ. ಆದರೆ ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ, ಕರ್ಪೂರ ಅದಕ್ಕೆ ವಿಷ. ಫಿನೈಲ್ ಕೂಡ ಹಾಗೆಯೇ.

ಚಿಗಟವಲ್ಲದಿದ್ದರೆ? ಗುಂಡಗೆ ಕೂದಲು ಹೋಗಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಅದು ಮಕ್ಕಳಿಗೂ ಅಂಟುತ್ತದೆ, ತಡ ಮಾಡಬೇಡಿ. ಕೆಲವಕ್ಕೆ ಆಹಾರ ಒಗ್ಗುವುದಿಲ್ಲ. ದಿನವೂ ನೆತ್ತಿಲಿ ಮೀನು ತಿನ್ನುವ ಬೆಕ್ಕಿಗೆ ಆ ಮೀನೇ ಶತ್ರುವಾಗಿರಬಹುದು. ವೈದ್ಯರು ಹೇಳಿದ ಒಂದೇ ಆಹಾರವನ್ನು ಎಂಟು ವಾರ ಕೊಟ್ಟು ನೋಡಬೇಕು; ನಡುವೆ ಅಜ್ಜ ಕದ್ದು ಹಾಲು ಹಾಕಿದರೆ ಲೆಕ್ಕ ಮತ್ತೆ ಒಂದರಿಂದ! ಹೊಟ್ಟೆಯ ಕೆಳಭಾಗವನ್ನೇ ನೆಕ್ಕುತ್ತಿದ್ದರೆ ಮೂತ್ರಕೋಶದ ನೋವೂ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಮುಕ್ಕರಿದರೂ ಮೂತ್ರ ಬಾರದಿದ್ದರೆ ನಾಳೆಗೆ ಬಿಡದೆ ಆಗಲೇ ಹೊರಡಿ.

ಇವೆಲ್ಲ ಅಲ್ಲವೆಂದು ಖಚಿತವಾದ ಮೇಲೆ ಮನಸ್ಸಿನ ವಿಚಾರ. ಮನೆ ಬದಲಾಯಿಸಿದಿರಾ? ಹೊಸ ಬೆಕ್ಕು ಬಂತೇ? ದೀಪಾವಳಿಯ ಪಟಾಕಿಯೇ? ಒಂದು ರಟ್ಟಿನ ಡಬ್ಬ, ಕಪಾಟಿನ ಮೇಲೊಂದು ಜಾಗ, ದಿನಕ್ಕೆರಡು ಬಾರಿ ದಾರ ಎಳೆದು ಆಟ, ವೇಳೆಗೆ ಸರಿಯಾಗಿ ಊಟ: ಇಷ್ಟರಿಂದಲೇ ಕೆಲವು ಸುಧಾರಿಸುತ್ತವೆ. ನೆಕ್ಕಿದ್ದಕ್ಕೆ ಗದರಿದರೆ ಮಾತ್ರ ಹೆಚ್ಚಾಗುತ್ತದೆ.

ಹತ್ತಿರದಲ್ಲಿ ವೈದ್ಯರಿಲ್ಲದವರಿಗೆ ವೇಪೇರಿಯಲ್ಲಿ 1903ರಲ್ಲಿ ಆರಂಭವಾದ ಮದರಾಸು ಪಶುವೈದ್ಯ ಕಾಲೇಜಿನ ಆಸ್ಪತ್ರೆಯಿದೆ. ಬೆಳಿಗ್ಗೆ ಬೇಗ ಹೋಗಿ. ಬೆಕ್ಕನ್ನು ಕೈಯಲ್ಲಿ ಹಿಡಿಯದೆ ಮುಚ್ಚಳವಿರುವ ಬುಟ್ಟಿಯಲ್ಲಿ ಒಯ್ಯಿರಿ, ಅಲ್ಲಿ ನಾಯಿಗಳೂ ಸಾಲಿನಲ್ಲಿರುತ್ತವೆ. ಬೋಳು ಜಾಗದ ಫೋಟೋಗಳನ್ನು ವಾರಕ್ಕೊಂದರಂತೆ ತೆಗೆದಿಟ್ಟುಕೊಂಡಿದ್ದರೆ ವೈದ್ಯರಿಗೆ ತೋರಿಸಿ.