ಅರಿಯುವ ಹಕ್ಕು, ಅರಿಯದಿರುವ ಹಕ್ಕು

1968ರಲ್ಲೊಂದು ಬೆಳಗ್ಗೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಬೀದಿಯನ್ನು ದಾಟುತ್ತಿದ್ದ ಲಿಯೊನೋರ್ ವೆಕ್ಸ್ಲರ್ ಎಂಬಾಕೆಯ ತೂರಾಡುವ ನಡಿಗೆಯನ್ನು ಕಂಡು, ಇಷ್ಟು ಹೊತ್ತಿಗೇ ಕುಡಿದಿರಲು ನಾಚಿಕೆಯಾಗದೆ ಎಂದು ಪೊಲೀಸಿನವನೊಬ್ಬನು ಗದರಿಸಿದನು. ಆಕೆ ಕುಡಿದವಳಲ್ಲ, ತಂದೆಯನ್ನೂ ಸೋದರರನ್ನೂ ಬಾಧಿಸಿದ್ದ ಹಂಟಿಂಗ್ಟನ್ ರೋಗವು ಆಕೆಯಲ್ಲಿಯೂ ತಲೆದೋರಿತ್ತು. ಅದು ಮಕ್ಕಳಿಗಿಳಿಯುವ ಸಂಭವ ಅರ್ಧಕ್ಕರ್ಧ. ಮಗಳು ನ್ಯಾನ್ಸಿ ವೆನೆಜುವೆಲಾದ ಮಾರಕೈಬೋ ಸರೋವರದ ತೀರದಲ್ಲಿ ಆ ರೋಗದಿಂದ ನರಳುತ್ತಿದ್ದ ಕುಟುಂಬಗಳ ವಂಶಾವಳಿಯನ್ನು ಬರೆದುಕೊಂಡು, ಸಂಗಡಿಗರೊಡನೆ ರಕ್ತದ ಮಾದರಿಗಳನ್ನು ಸಂಗ್ರಹಿಸಿದುದರ ಫಲವಾಗಿ, 1983ರಲ್ಲಿ ನಾಲ್ಕನೆಯ ವರ್ಣತಂತುವಿನಲ್ಲಿ ದೋಷದ ನೆಲೆಯೂ 1993ರಲ್ಲಿ ಆ ಜೀನೂ ಗೊತ್ತಾದುವು. ರೋಗ ಬರುವುದೇ ಎಂಬುದನ್ನು ರಕ್ತಪರೀಕ್ಷೆಯಿಂದ ಮೊದಲೇ ತಿಳಿಯುವ ಹಾದಿಯನ್ನು ತೆರೆದ ಆಕೆಯೇ ತನ್ನ ವಿಷಯದಲ್ಲಿ ದಶಕಗಳ ಕಾಲ ಮೌನವಾಗಿದ್ದು, ತನಗೂ ರೋಗವಿದೆಯೆಂಬುದನ್ನು 2020ರಲ್ಲಷ್ಟೇ ಬಹಿರಂಗಪಡಿಸಿದರು.

ಗುಣಪಡಿಸುವ ಔಷಧವಿಲ್ಲದ ರೋಗದ ವಿಷಯದಲ್ಲಿ ಇಂತಹ ಮೌನವನ್ನು ಅಂಜುಬುರುಕುತನವೆನ್ನಲು ನನ್ನ ಮನಸ್ಸು ಒಪ್ಪದು. ಮದುವೆ, ಸಂತಾನಗಳ ಯೋಚನೆಯಿಂದ ತಿಳಿಯಬಯಸುವವರ ನಿರ್ಧಾರವೂ ಅಷ್ಟೇ ಗೌರವಾರ್ಹವಾದುದು. ಮನೆಯ ಹಿರಿಯರ ಒತ್ತಾಯ ಮಾತ್ರ ಸಲ್ಲದು. ಆದುದರಿಂದಲೇ ಬಲ್ಲ ಸಲಹೆಗಾರರು ರಕ್ತ ತೆಗೆಯುವ ಮುನ್ನ, ಫಲಿತಾಂಶವನ್ನು ಕೇಳುವಾಗ ಜೊತೆಯಲ್ಲಿ ಯಾರಿರಬೇಕೆಂದು ವಿಚಾರಿಸುವುದುಂಟು. ಫಲಿತಾಂಶ ಸಿದ್ಧವಾದ ಮೇಲೆಯೂ ತಿಳಿಸಬೇಡಿರೆನ್ನುವ ಸ್ವಾತಂತ್ರ್ಯ ಪರೀಕ್ಷೆಗೊಳಗಾದ ವ್ಯಕ್ತಿಗಿರುತ್ತದೆ.