ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಯಾವ ಜೋಡಣೆ?
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ಮಕ್ಕಳ ಓದಿಗೆಂದು ಹಳೆಯ ಕಂಪ್ಯೂಟರು ಕೊಳ್ಳುತ್ತಾರೆ. ಅದರ ಹಾರ್ಡ್ ಡಿಸ್ಕು ಕೆಟ್ಟಿತೆಂದು ಅಂಗಡಿಗೆ ಓಡಿ, ಕೊಟ್ಟದ್ದನ್ನು ತರುತ್ತಾರೆ. ಮನೆಯಲ್ಲಿ ನೋಡಿದರೆ ಅದು ಕೂಡುವುದೇ ಇಲ್ಲ! ಪಾತ್ರೆ ತೊಳೆದು, ಮಗ್ಗದ ಮುಂದೆ ನಿಂತು ಗಳಿಸಿದ ಹಣ ಹೀಗೆ ಹೋಗಬಾರದು. ಆದುದರಿಂದ ಈ ನಾಲ್ಕು ಮಾತು.

ಅಂಗಡಿಗೆ ಹೋಗುವ ಮುನ್ನ, ವಿದ್ಯುತ್ತಿನ ತಂತಿ ಕಿತ್ತು ಪೆಟ್ಟಿಗೆ ತೆರೆದು ನೋಡಿರಿ. ಅಗಲವಾದ ಚಪ್ಪಟೆ ಪಟ್ಟಿಯೂ 40 ಸೂಜಿಯ ಕೊಂಡಿಯೂ ಇದ್ದರೆ ಅದು ಹಳೆಯ ಐಡಿಇ. ಅದಕ್ಕೆ ಇನ್ನು ಹಣ ಸುರಿಯಬೇಡಿರಿ. ಕಿರಿದಾದ ತಂತಿ, 7 ಎಳೆಯ ಕೊಂಡಿ ಇದ್ದರೆ ಅದು ಸಾಟಾ. ಇದರ ವೇಗ 1.5, 3, 6 ಗಿಗಾಬಿಟ್ ಎಂದು ಮೂರು ಮೆಟ್ಟಿಲು ಏರಿದೆ. ಸಾಮಾನ್ಯವಾಗಿ ಹೊಸ ಡಿಸ್ಕು ಹಳೆಯ ಸಾಟಾದಲ್ಲಿಯೂ ನಡೆಯುತ್ತದೆ. ವೇಗ ಮಾತ್ರ ಹಳೆಯದರದೇ.

ಮೂರನೆಯದು ಎಂ.2. ಬಾಚಣಿಗೆಯಷ್ಟು ಚಿಕ್ಕ ಪಟ್ಟಿ. ಇಲ್ಲಿ ಎಚ್ಚರಿಕೆ ಬೇಕು. ನೋಡಲು ಒಂದೇ ತರಹವಿದ್ದರೂ ಒಂದು ಸಾಟಾ, ಇನ್ನೊಂದು ಎನ್‌ವಿಎಂಇ. ಕೆಲವು ಯಂತ್ರಗಳು ಒಂದನ್ನೇ ಒಪ್ಪುತ್ತವೆ. ಯಂತ್ರದ ಕೈಪಿಡಿ ನೋಡದೆ ಕೊಳ್ಳಲೇಬೇಡಿರಿ.

ಹೆಚ್ಚು ವೇಗದ ಜೋಡಣೆಯೇ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಹೋಟೆಲಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾವಲಿಯ ಮೇಲೆ ದೋಸೆ ಬೇಯುವುದೇ ನಿಧಾನವಾದರೆ, ಅಡಿಗೆಮನೆಯ ಕಿಟಕಿಯನ್ನು ಎಷ್ಟು ಅಗಲ ಮಾಡಿದರೇನು? ತಿರುಗುವ ಡಿಸ್ಕು ಸೆಕೆಂಡಿಗೆ ಸುಮಾರು 150ರಿಂದ 250 ಮೆಗಾಬೈಟು ಕೊಡುತ್ತದೆ; 6 ಗಿಗಾಬಿಟ್ ಸಾಟಾದ ಕಿಟಕಿ 600ರದು. ಅದಕ್ಕೆ ಅಷ್ಟೇ ಸಾಕು. ತಿರುಗದ ಎಸ್‌ಎಸ್‌ಡಿ ಸಾಟಾದಲ್ಲಿ ಸುಮಾರು 500 ಮೆಗಾಬೈಟು ಕೊಡುತ್ತದೆ. ಬೇಕಾದ ಕಡತವನ್ನು ಒಡನೆಯೇ ಹುಡುಕಿಕೊಡುತ್ತದೆ. ಸಾಟಾ ಇರುವ ಹಳೆಯ ಯಂತ್ರಕ್ಕೆ ನನ್ನ ಸಲಹೆ ಇದೇ. ಎನ್‌ವಿಎಂಇ ಇದಕ್ಕಿಂತ ಹಲವು ಪಟ್ಟು ವೇಗದ್ದು. ಆದರೆ ಮಕ್ಕಳ ಪಾಠಕ್ಕೂ ಪತ್ರವ್ಯವಹಾರಕ್ಕೂ ಆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಕೊನೆಯದಾಗಿ ಯುಎಸ್‌ಬಿ. ಹೊರಗಿನಿಂದ ಜೋಡಿಸುವ ಡಿಸ್ಕಿಗೆ ಇದು ಸುಲಭ. ಯುಎಸ್‌ಬಿ 2 ನಿಧಾನ, ಸೆಕೆಂಡಿಗೆ 30-40 ಮೆಗಾಬೈಟು. ಯುಎಸ್‌ಬಿ 3 ಇದ್ದರೆ ಅದನ್ನೇ ಬಳಸಿರಿ. ಅದರ ಕೊಂಡಿಯ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣವಿರುತ್ತದೆ.

ಬಂಧುಗಳೆ, ಡಿಸ್ಕು ಕೆಟ್ಟರೆ ಇನ್ನೊಂದು ಸಿಕ್ಕೀತು. ಊರಿನಲ್ಲಿ ತೀರಿಕೊಂಡ ತಾಯಿಯ ಚಿತ್ರ, ಭವಿಷ್ಯನಿಧಿಯ ಕಾಗದ, ಮಗಳ ಅಂಕಪಟ್ಟಿ ಸಿಕ್ಕುವುದಿಲ್ಲ. ಅವುಗಳ ಪ್ರತಿಯನ್ನು ಎರಡು ಕಡೆ ಇಡಿರಿ. ಕೊಳ್ಳುವಾಗ ಹಳೆಯ ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿರಿ, ಕೇಳಲು ನಾಚಬೇಡಿರಿ. ಹಣ ನಿಮ್ಮದು, ಬೆವರು ನಿಮ್ಮದು.